ಕಂಪ್ಯೂಟರಿನ ಹೊಟ್ಟೆಯ ಹೊಗೆಸೊಪ್ಪು

ನನಗಾಗ ಅರವತ್ತೇಳು ವರ್ಷ. ಇದು ಮೂರು ವರ್ಷ ಹಿಂದಿನ ಮಾತು. ಪುತ್ತಿಗೆ ಪಂಚಾಯತಿನ ನಮ್ಮ ಮನೆಯ ಎದುರಿನ ಕೋಣೆಯಲ್ಲಿ, ಕಿಟಕಿಯ ಬದಿಗೆ ನೆಲದಲ್ಲಿ ಕೂತು ನಾನು ಬೀಡಿ ಕಟ್ಟುತ್ತಿದ್ದೆ. ಅದೇ ಕೋಣೆಯಲ್ಲಿ, ನನ್ನಿಂದ ಒಂದು ಕೈ ದೂರದ ಮೇಜಿನಲ್ಲಿ ಸೊಸೆ ಹರಿಣಾಕ್ಷಿ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಒಂದು ಕೋಣೆ, ಎರಡು ಕಸುಬು. ನಮ್ಮ ಜಗಳಕ್ಕೆಲ್ಲ ಮೂಲ ಅದೇ.

ನಾನು ಕಲಿತದ್ದು ಮೂರನೆಯ ಕ್ಲಾಸು. ಇದನ್ನು ನಾನು ಹೇಳಿದ ಹಾಗೆ ಅವಳೇ ಟೈಪ್ ಮಾಡಿದ್ದಾಳೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದಿದ್ದೇನೆ. ಮನೆಯಲ್ಲಿ ನಾವು ತುಳು ಮಾತಾಡುವವರು, ಇಲ್ಲಿ ಎಲ್ಲವೂ ಕನ್ನಡದಲ್ಲಿ ಉಂಟು. ಅವಳು ನನ್ನನ್ನು ಮಾಮಿ ಎಂದು ಕರೆಯುತ್ತಾಳೆ. ನಮ್ಮಲ್ಲಿ ಅತ್ತೆಗೆ ಹಾಗೆ ಹೇಳುವುದು.

ಬೀಡಿಯ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕಂಪೆನಿಯವರು ಎಲೆ, ಹೊಗೆಸೊಪ್ಪು, ನೂಲು ಕೊಟ್ಟು ಕಟ್ಟಿದ ಬೀಡಿ ವಾಪಸು ತೆಗೆದುಕೊಳ್ಳುವ ಅಂಗಡಿಗೆ ಬ್ರಾಂಚು ಎನ್ನುತ್ತಾರೆ. ಅಲ್ಲಿಂದ ತಂದ ಎಲೆಯನ್ನು ನೀರಿನಲ್ಲಿ ನೆನೆಸಿ, ಗೋಣಿಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಆಮೇಲೆ ಬಿದಿರಿನ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಎಲೆಗೆ ಸೊಪ್ಪು ಹಾಕಿ ಸುರುಳಿ ಸುತ್ತಿ ನೂಲು ಕಟ್ಟಬೇಕು. ಗಾಳಿ ಬಂದರೆ ಸೊಪ್ಪಿನ ಪುಡಿ ಹಾರುತ್ತದೆ, ಕತ್ತರಿಸಿದ ಎಲೆ ಒಣಗಿ ಸೀಳುತ್ತದೆ. ಸೀಳಿದ ಬೀಡಿಯನ್ನು ಬ್ರಾಂಚಿನವ ಹೆಕ್ಕಿ ಎಸೆಯುತ್ತಾನೆ. ಹಾಗಾಗಿ ಬೀಡಿ ಕಟ್ಟುವವಳಿಗೆ ಬೆಳಕು ಬೇಕು, ಗಾಳಿ ಬೇಡ. ಕಂಪ್ಯೂಟರಿಗೆ ಬೆಳಕು ಬೇಡ, ಗಾಳಿ ಬೇಕು.

ಹರಿಣಾಕ್ಷಿ ಫ್ಯಾನು ಹಾಕುವುದು, ನಾನು ಎದ್ದು ಹೋಗಿ ಆರಿಸುವುದು. ದಿನವೂ ಇದೇ.

"ಮಾಮಿ, ಇದು ಬಿಸಿ ಆಗ್ತದೆ. ಕೈ ಇಟ್ಟು ನೋಡಿ."

"ನನಗೂ ಬಿಸಿ ಆಗ್ತದೆ. ನನಗೆ ಯಾರಾದ್ರೂ ಕೈ ಇಟ್ಟು ನೋಡಿದ್ದು ಉಂಟಾ?"

ಅವಳ ಕೆಲಸ ಕುಂಬಳೆಯ ಒಂದು ಪ್ರೆಸ್ಸಿಗೆ. ಮದುವೆ ಕಾಗದ, ಬೊಜ್ಜದ, ಎಂದರೆ ಉತ್ತರಕ್ರಿಯೆಯ ಕಾಗದ, ಮಲೆಯಾಳದಲ್ಲಿ ಬಂದ ನೋಟೀಸನ್ನು ಕನ್ನಡ ಮಾಡುವುದು. ಗಡಿಯ ನಮ್ಮ ಊರಲ್ಲಿ ಎರಡೂ ಭಾಷೆ ತಪ್ಪಿಲ್ಲದೆ ಬರೆಯುವವರು ಕಡಿಮೆ, ಹಾಗಾಗಿ ಕೆಲಸ ಇತ್ತು. ನನ್ನ ಬೀಡಿ ಹಾಗಲ್ಲ. ಬ್ರಾಂಚಿನಲ್ಲಿ ಎಲೆ ಕೊಡುವುದೇ ಕಡಿಮೆಯಾಗಿತ್ತು. ಆದರೂ ನಾನು ಬಿಟ್ಟಿರಲಿಲ್ಲ. ಹನ್ನೆರಡನೆಯ ಪ್ರಾಯದಿಂದ ಕಟ್ಟಿದ ಕೈ, ಸುಮ್ಮನೆ ಕೂತರೆ ನೋಯುತ್ತದೆ.

ಆ ವರ್ಷ ನವರಾತ್ರಿಯ ಆಯುಧಪೂಜೆಗೆ ಎಂದಿನಂತೆ ಕತ್ತಿ, ಹಾರೆ, ಮಗನ ಗೂಡ್ಸ್ ಆಟೋ, ನನ್ನ ಬೀಡಿ ಕತ್ತರಿ ಎಲ್ಲಕ್ಕೂ ಗಂಧ, ಹೂ ಇಟ್ಟೆವು. ಹರಿಣಾಕ್ಷಿ ಕಂಪ್ಯೂಟರಿಗೂ ಪೂಜೆ ಮಾಡಿದಳು. ಕಂಪ್ಯೂಟರು ಎಂದರೆ ಟಿ.ವಿ.ಯ ಹಾಗೆ ಕಾಣುವುದಲ್ಲ, ಕೆಲಸ ಮಾಡುವುದು ಮೇಜಿನ ಕೆಳಗಿನ ಕಪ್ಪು ಪೆಟ್ಟಿಗೆ. ಅದಕ್ಕೆ ಸಿ.ಪಿ.ಯು. ಎನ್ನುತ್ತಾರೆ. ನಿಲ್ಲಿಸಿಟ್ಟ ಪೆಟ್ಟಿಗೆಯ ಮೇಲೆ ಮಲ್ಲಿಗೆ ನಿಲ್ಲಲಿಲ್ಲ, ಅಕ್ಷತೆಯೂ ಜಾರಿತು. ಹಾಗೆ ಅದನ್ನು ಅಡ್ಡ ಮಲಗಿಸಿದಳು. ಪೂಜೆಯ ಹೂವನ್ನು ಕೈಯಿಂದ ಕಿತ್ತು ಎಸೆಯುವ ಕ್ರಮ ನಮ್ಮಲ್ಲಿಲ್ಲ. ಬಾಡಿ ತಾನಾಗಿ ಹೋಗಬೇಕು. ಹೂ ಬಾಡಿ ಎಲ್ಲಿಗೆ ಹೋಯಿತು ಎಂದು ಯಾರೂ ನೋಡಲಿಲ್ಲ. ಮಲಗಿಸಿದ ಪೆಟ್ಟಿಗೆಯನ್ನು ಮತ್ತೆ ಎಬ್ಬಿಸಲೂ ಇಲ್ಲ.

ಬೇಸಗೆ ಸುರುವಾಗುವ ಹೊತ್ತಿಗೆ ಕಂಪ್ಯೂಟರು ಆಟ ತೆಗೆಯಿತು. ಟೈಪ್ ಮಾಡುತ್ತಾ ಇರುವಾಗಲೇ ಟಪ್ಪೆಂದು ಆರಿಹೋಗುತ್ತಿತ್ತು. ತಣಿಯಲು ಬಿಟ್ಟರೆ ಮತ್ತೆ ಹತ್ತುತ್ತಿತ್ತು, ಮತ್ತೆ ಆರುತ್ತಿತ್ತು. ಮಗನ ಗುರ್ತದ ರಿಪೇರಿಯವ ಅಶ್ರಫ್ ಅದಕ್ಕೂ ಮೊದಲು ಪ್ರಿಂಟರಿನ ವೈರು ಬದಲಿಸಲು ಬಂದವನು ಮೇಜಿನ ಕೆಳಗೆ ಬಗ್ಗಿ ಮೂಗು ಮುಚ್ಚಿಕೊಂಡು, "ಇದು ಧೂಳಲ್ಲ ಅಕ್ಕ, ಸೊಪ್ಪು. ಬೀಡಿ ಈ ರೂಮಿಂದ ಹೊರಗೆ ಹೋಗದಿದ್ರೆ ಇದು ಉಳಿಯುದಿಲ್ಲ," ಎಂದು ಹೇಳಿ ಹೋಗಿದ್ದ. ಆ ಮಾತನ್ನು ಹರಿಣಾಕ್ಷಿ ಗಂಟು ಕಟ್ಟಿಟ್ಟುಕೊಂಡಿದ್ದಳು.

ಹೊರಗೆ ಎಂದರೆ ಜಗಲಿ. ಅಲ್ಲಿ ಬೆಳಿಗ್ಗೆ ಎದುರು ಬಿಸಿಲು, ಮಧ್ಯಾಹ್ನದ ಮೇಲೆ ಕಡಲಿನ ಕಡೆಯ ಗಾಳಿ. ದಾರಿಯಲ್ಲಿ ಹೋಗುವವರೆಲ್ಲ ನಿಂತು, ಈ ಪ್ರಾಯದಲ್ಲಿಯೂ ಕಟ್ಟುತ್ತೀರಾ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಲು ನನಗೆ ಪುರುಸೊತ್ತಿಲ್ಲ. ಮತ್ತೆ, ಆ ಕಿಟಕಿ ನಾನು ಈ ಮನೆಗೆ ಬಂದಂದಿನಿಂದ ಕೂತ ಜಾಗ. ಕಂಪ್ಯೂಟರು ಆಮೇಲೆ ಬಂದದ್ದು.

ಒಂದು ದಿನ ಊಟವಾಗಿ ಕೂತದ್ದಷ್ಟೆ, ಪೆಟ್ಟಿಗೆ ಮತ್ತೆ ಆರಿತು. ಅರ್ಧ ಆದ ಮದುವೆ ಕಾಗದ ಒಳಗೆ. ಸಂಜೆಗೆ ಕೊಡದಿದ್ದರೆ ಬೇರೆಯವರಲ್ಲಿ ಮಾಡಿಸುತ್ತೇನೆ ಎಂದು ಪ್ರೆಸ್ಸಿನವರ ಫೋನು ಬಂತು. ಫೋನಿಟ್ಟವಳು ನನ್ನ ಕಡೆ ತಿರುಗಿದಳು.

"ಇನ್ನು ಸಾಕು ಮಾಮಿ. ನಾಳೆಯಿಂದ ನೀವು ಜಗಲಿಯಲ್ಲಿ ಕೂತುಕೊಳ್ಳಿ. ನನ್ನ ಕೆಲಸ ಹೋದ್ರೆ ನಿಮಗೆ ಸಮಾಧಾನವಾ?"

"ನನ್ನ ಸೊಪ್ಪಿಂದಲೇ ಅಂತ ನಿನಗೆ ಹೇಗೆ ಗೊತ್ತು? ಒಳಗೆ ಹೋಗಿ ನೋಡಿದ್ದೀಯಾ?"

"ಅಶ್ರಫ್ ಹೇಳಿದ್ದು ಕೇಳಲಿಲ್ವಾ?"

"ಅವ ಮೂಸಿ ಹೇಳಿದ್ದು. ನೀನು ಬಿಚ್ಚಿ ನೋಡು. ಸೊಪ್ಪಿಂದಲೇ ಕೆಟ್ಟದ್ದಾದ್ರೆ ನಾನು ನಾಳೆಯೇ ಹೊರಗೆ. ಅಲ್ಲದಿದ್ರೆ ಇನ್ನು ಆ ಮಾತು ಎತ್ತಬಾರದು."

ಅವಳು ಕುರ್ಚಿ ಹಿಂದೆ ತಳ್ಳಿ ಎದ್ದಳು. ಮತ್ತೆ "ಆಯ್ತು" ಎಂದಳು.

ಅಶ್ರಫನಿಗೆ ಫೋನು ಮಾಡಿದರೆ ಅವನು ಮಂಗಳೂರಿನಲ್ಲಿ. ನಾವೇ ಬಿಚ್ಚುತ್ತೇವೆ ಎಂದಾಗ ನಕ್ಕ. "ಆಗ್ಲಿ, ಬಿಚ್ಚಿ. ಮೊದಲು ಪ್ಲಗ್ಗು ತೆಗೀರಿ. ಪ್ಲಗ್ಗು ತೆಗೆದ ಮೇಲೆ ಸ್ವಿಚ್ಚನ್ನು ಒಮ್ಮೆ ಒತ್ತಿ ಹಿಡೀರಿ, ಒಳಗೆ ಉಳಿದ ಕರೆಂಟು ಹೋಗ್ಲಿ. ವೈರು ಕೀಳುವ ಮೊದಲು ಫೋಟೋ ಹೊಡೀರಿ, ಇಲ್ಲದಿದ್ರೆ ಯಾವುದು ಎಲ್ಲಿಗೆ ಅಂತ ತಲೆಬಿಸಿ. ಒದ್ದೆ ಬಟ್ಟೆ ಮುಟ್ಟಿಸ್ಬೇಡಿ. ಬಾಯಲ್ಲಿ ಊದ್ಬೇಡಿ, ಎಂಜಲು ಹಾರ್ತದೆ. ಒಳಗಿನ ಫ್ಯಾನಿಗೆ ಗಾಳಿ ಹೊಡೆಯುವಾಗ ಅದು ತಿರುಗದ ಹಾಗೆ ಬೆರಳು ಹಿಡೀರಿ. ಅಮ್ಮ ಅಲ್ಲಿ ಇದ್ದಾರಾ? ಅವರಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿಕ್ಕೆ ಹೇಳಿ."

"ನನ್ನ ಮೂಗಿನ ವಿಷಯ ಅವನಿಗೆ ಬೇಡ," ಎಂದೆ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಎತ್ತಿ ಅಂಗಳಕ್ಕೆ ತಂದೆವು. ಅಷ್ಟು ಭಾರ ಇರುತ್ತದೆಂದು ನಾನು ಎಣಿಸಿರಲಿಲ್ಲ. ಹಲಸಿನ ಮರದ ನೆರಳಿನಲ್ಲಿ ಹಳೆಯ ಪೇಪರು ಹಾಸಿ ಅದರ ಮೇಲಿಟ್ಟೆವು. ಮಗನ ಆಟೋಗೆ ಗಾಳಿ ಹೊಡೆಯುವ ಕಾಲುಪಂಪು ತಂದಳು. ಬಣ್ಣ ಹೊಡೆಯುವ ಹೊಸ ಬ್ರಶ್ಶೊಂದು ಮನೆಯಲ್ಲೇ ಇತ್ತು. ಸ್ಕ್ರೂ ಬಿಚ್ಚಿ, ಬದಿಯ ತಗಡನ್ನು ಹಿಂದಕ್ಕೆ ಎಳೆದಳು.

ಒಳಗೆ ಕಂಡದ್ದನ್ನು ಧೂಳು ಎನ್ನಲಿಕ್ಕೆ ಆಗುವುದಿಲ್ಲ. ಕಂಬಳಿಯ ಹಾಗೆ ಇತ್ತು, ಕಂದು ಬಣ್ಣದ್ದು. ಮೂಲೆಯಲ್ಲಿ ಬೆರಳು ಹಾಕಿ ಎತ್ತಿದರೆ ಇಡೀ ಪದರವೇ ಎದ್ದು ಬಂತು. ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆ ನನಗೆ ಹೇಳಿಕೊಡಬೇಕಾಗಿಲ್ಲ.

"ಈಗ ಎಂತ ಹೇಳ್ತೀರಿ?" ಎಂದು ಕೇಳಿದಳು.

"ಪಂಪು ಒತ್ತು" ಎಂದೆ.

ಅವಳು ಪಂಪು ಒತ್ತಿದಳು, ನಾನು ನಳಿಗೆ ಹಿಡಿದೆ. ಎದ್ದ ಧೂಳಿನಲ್ಲಿ ಇಬ್ಬರೂ ಕೆಮ್ಮಿದೆವು. ಅವಳು ಸೆರಗು ಮುಚ್ಚಿಕೊಂಡು ದೂರ ಓಡಿದಳು, ಕಣ್ಣಲ್ಲಿ ನೀರು. "ಹೇಗೆ ಕೂತ್ಕೊಳ್ತೀರಿ ಮಾಮಿ ಇದರಲ್ಲಿ!" ಎಂದಳು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಅಭ್ಯಾಸ ಎಂದೆ. ನಳಿಗೆಯಿಂದ ಹೋಗದ್ದನ್ನು ಬ್ರಶ್ಶಿನಿಂದ ಕೆದಕಿ ತೆಗೆದೆ. ಕೆಂಪು ಕೆಂಪಾಗಿ ಕುಂಕುಮ ಬಂತು. ಅಕ್ಷತೆಯ ಅಕ್ಕಿ ಬಂತು, ಒಣಗಿ ಕಡ್ಡಿಯಾದ ಮಲ್ಲಿಗೆ ಮೊಗ್ಗು ಬಂತು. ಅವಳು ಆಗ ಸ್ವಲ್ಪ ಹತ್ತಿರ ಬಂದು ಬಗ್ಗಿದಳು.

ಪೆಟ್ಟಿಗೆಯ ನಡುವಿನಲ್ಲಿ ಅಲ್ಯೂಮಿನಿಯಮ್ಮಿನ ಬಾಚಣಿಗೆಯಂಥದ್ದು ಒಂದಿದೆ. ಅದಕ್ಕೆ ಹೀಟ್ ಸಿಂಕ್ ಎನ್ನುತ್ತಾರಂತೆ. ಯಂತ್ರದ ಮಿದುಳು ಅದರ ಅಡಿಯಲ್ಲಿ, ಅದರ ಬಿಸಿಯನ್ನು ಹೊರಗೆ ಹಾಕಲು ಮೇಲೊಂದು ಅಂಗೈಯಗಲದ ಫ್ಯಾನು. ನಾನು ಫ್ಯಾನನ್ನು ಬೆರಳಿನಿಂದ ತಳ್ಳಿ ನೋಡಿದೆ. ತಿರುಗಲಿಲ್ಲ. ಮತ್ತೆ ತಳ್ಳಿದೆ, ಕಾಲು ಸುತ್ತು ಹೋಗಿ ಸಿಕ್ಕಿಕೊಂಡಿತು.

"ಟಾರ್ಚು ಹಿಡಿ," ಎಂದೆ. ಅವಳು ಮೊಬೈಲಿನ ಬೆಳಕು ಹಿಡಿದಳು. ಫ್ಯಾನಿನ ನಡುವಿನ ಉಬ್ಬಿಗೆ ಎಂತದೋ ಬಿಗಿಯಾಗಿ ಸುತ್ತಿಕೊಂಡಿತ್ತು.

"ನೂಲು!" ಎಂದಳು ಹರಿಣಾಕ್ಷಿ. "ನಿಮ್ಮ ಬೀಡಿಯ ನೂಲು ಮಾಮಿ. ನಾನು ಹೇಳಲಿಲ್ವಾ?"

ನೂಲೇ ಎಂದು ನನಗೂ ಕಂಡಿತು, ಸುಳ್ಳು ಹೇಳುವುದಿಲ್ಲ. ಬೀಡಿಯ ತುದಿ ಮುಚ್ಚುವ ತಗಡಿನ ಚೂರು ನನ್ನ ಸೊಂಟದಲ್ಲೇ ಇರುತ್ತದೆ. ಅದರಿಂದ ಮೆಲ್ಲ ಸಡಿಲಿಸಿ ಎಳೆದೆ. ಬಂತು, ಬರುತ್ತಾ ಬಂತು. ಚಪ್ಪಟೆ, ಒಣಕಲು, ಗೇಣುದ್ದ. ಅವಳ ಅಂಗೈಗೆ ಹಾಕಿದೆ.

ಅವಳು ನೋಡಿದಳು. ಬಾಳೆಯ ನಾರು. ಮಲ್ಲಿಗೆ ಕಟ್ಟುವ ನಾರು. ತುದಿಯಲ್ಲಿ ಇನ್ನೂ ಒಂದು ಮೊಗ್ಗಿನ ತೊಟ್ಟು ಇತ್ತು.

"ಬೀಡಿಗೆ ಯಾರಾದ್ರೂ ಬಾಳೆನಾರು ಕಟ್ಟುವುದು ಉಂಟಾ?" ಎಂದು ಕೇಳಿದೆ.

ಅವಳು ನಾರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ದೇವರಿಗೆ ಅಂತ ಇಟ್ಟದ್ದು ಮಾಮಿ."

"ದೇವರು ಒಳಗೆ ತೆಗೆದುಕೊಂಡದ್ದು ನೋಡು."

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನನಗೆ ನಗು ಬರಲಿಲ್ಲ, ಸೊಂಟ ನೋಯುತ್ತಿತ್ತು. ಮಲಗಿಸಿದ ಪೆಟ್ಟಿಗೆಯ ತಗಡಿನಲ್ಲಿ ಜರಡಿಯ ಹಾಗೆ ತೂತು. ಹೂ ಬಾಡಿ ಉದುರಿದ ಮೇಲೆ ನಾರು ಆ ತೂತಿನಿಂದ ನೇರ ಫ್ಯಾನಿನ ಮೇಲೆ ಇಳಿದಿತ್ತು.

ಉಳಿದ ಕೆಲಸ ಬೇಗ ಆಯಿತು. ಫೋಟೋ ನೋಡಿ ವೈರು ಸಿಕ್ಕಿಸಿದಳು. ಪೆಟ್ಟಿಗೆಯನ್ನು ಈ ಸಲ ನಿಲ್ಲಿಸಿಟ್ಟೆವು, ಅಡಿಯಲ್ಲಿ ಎರಡು ಇಟ್ಟಿಗೆ ಕೊಟ್ಟು. ಸ್ವಿಚ್ಚು ಹಾಕಿದಾಗ ಒಳಗಿನ ಫ್ಯಾನು ಸುಯ್ಯೆಂದು ತಿರುಗಿತು. ಅಷ್ಟು ಸಣ್ಣ ಸದ್ದು ಅದಕ್ಕೆ ಮೊದಲು ಇತ್ತೆಂಬುದನ್ನೇ ನಾವು ಮರೆತಿದ್ದೆವು. ಮದುವೆ ಕಾಗದ ಸಂಜೆಯೊಳಗೆ ಹೋಯಿತು. ಯಂತ್ರ ಒಮ್ಮೆಯೂ ಆರಲಿಲ್ಲ.

ದೀಪ ಹಚ್ಚಿದ ಮೇಲೆ ಹರಿಣಾಕ್ಷಿ ಚಾ ತಂದು ನನ್ನ ಹತ್ತಿರ ಇಟ್ಟಳು. ಯಾವತ್ತೂ ಅಡಿಗೆಕೋಣೆಯಿಂದ ಕರೆಯುವುದಷ್ಟೆ. "ನೀವು ಅಲ್ಲೇ ಕೂತ್ಕೊಳ್ಳಿ ಮಾಮಿ. ನಾನಿನ್ನು ಎಂತವೂ ಹೇಳುದಿಲ್ಲ," ಎಂದಳು. ಮಾತು ಕೊಟ್ಟರೆ ತಪ್ಪುವ ಹೆಂಗಸಲ್ಲ ಅವಳು. ಕಿಟಕಿ ನನ್ನದೇ ಆಯಿತು. ಗೆದ್ದೆ ಎನ್ನಬೇಕು.

ಚಾ ಕುಡಿದು, ಜಗಲಿಯ ಬೆಳಕು ಹಾಕಿ ಅಂಗಳಕ್ಕೆ ಹೋದೆ. ಪೇಪರು ಇನ್ನೂ ಹಲಸಿನ ಮರದಡಿಯಲ್ಲೇ ಇತ್ತು. ಮೂಲೆ ಹಿಡಿದು ಎತ್ತಿದೆ. ಅಕ್ಕಿಕಾಳು, ಕುಂಕುಮ ಎಲ್ಲ ಒಂದು ಚಿಟಿಕೆ. ಉಳಿದದ್ದು ನನ್ನದು. ನಾರು ಸಿಕ್ಕಿದ್ದು ಹೌದು. ಅದಿಲ್ಲದಿದ್ದರೂ ಇನ್ನೊಂದು ವರ್ಷದಲ್ಲಿ ಆ ಕಂಬಳಿ ಯಂತ್ರವನ್ನು ನಿಲ್ಲಿಸುತ್ತಿತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ಹೇಳಲಿಲ್ಲ.

ಆ ಪೆಟ್ಟಿಗೆ ನನ್ನ ಪಕ್ಕ ಬಾಯಿ ತೆರೆದು ಮಲಗಿದ್ದು ನವರಾತ್ರಿಯಿಂದ ಈಚೆಗೆ. ನಾನು ಸೊಪ್ಪಿನ ಮುಂದೆ ಕೂತದ್ದು ಹುಡುಗಿಯಾಗಿದ್ದಾಗಿನಿಂದ. ಪೆಟ್ಟಿಗೆಗೆ ಸ್ಕ್ರೂ ಉಂಟು, ಬಿಚ್ಚಿ ಗುಡಿಸಬಹುದು. ನನ್ನ ಕೆಮ್ಮಿಗೆ ಡಾಕ್ಟರು ಬೀಡಿ ಬಿಡಿ ಎನ್ನುತ್ತಿದ್ದರು. ನಾನು ಸೇದುವುದಿಲ್ಲ ಎನ್ನುತ್ತಿದ್ದೆ, ಕಟ್ಟುವುದನ್ನು ಎಂದು ಅವರು ಹೇಳುತ್ತಿದ್ದರು. ಕಟ್ಟಿದರೆ ಎಂತ ಆಗುತ್ತದೆ ಎಂದು ಆಗ ತಿಳಿದಿರಲಿಲ್ಲ. ಅಂದು ಪೇಪರಿನಲ್ಲಿ ಕಂಡಿತು. ಇಷ್ಟು ವರ್ಷದ ಬೀಡಿ ನನಗೆ ಕಲಿಸಿದ್ದು ಇಷ್ಟೇ: ಕೆಲಸದಿಂದ ಹಾರಿದ್ದು ಎಲ್ಲಿಗೂ ಹೋಗುವುದಿಲ್ಲ, ಹತ್ತಿರ ಇದ್ದವರ ಒಳಗೆ ಕೂರುತ್ತದೆ. ಮಗ, ಸೊಸೆ, ನಾನು ಎಲ್ಲರೂ ಹತ್ತಿರ ಇದ್ದವರೇ. ಇದನ್ನು ತಿಳಿಯಲು ನನಗೆ ಒಂದು ಕಂಪ್ಯೂಟರು ಬೇಕಾಯಿತು. ಬೇಸರದ ಸಂಗತಿ, ಆದರೆ ಅಳುವಂಥದ್ದೇನಲ್ಲ. ಪೇಪರನ್ನು ತೆಂಗಿನ ಬುಡಕ್ಕೆ ಕೊಡವಿ ಬಂದು ಮಲಗಿದೆ.

ಮರುದಿನ ಬೆಳಿಗ್ಗೆ ಎಲೆಯ ಗೋಣಿ, ಗೆರಸೆ, ಚಾಪೆ ಎಲ್ಲವನ್ನೂ ಜಗಲಿಗೆ ತಂದೆ. ಗಾಳಿ ಬರುವ ಬದಿಗೆ ಹಳೆಯ ಸೀರೆಯೊಂದನ್ನು ಒದ್ದೆ ಮಾಡಿ ಕಟ್ಟಿದೆ. ಹರಿಣಾಕ್ಷಿ ಬಾಗಿಲಿಗೆ ಬಂದು, "ಇದೆಂತ ಮಾಮಿ? ಗೆದ್ದದ್ದು ನೀವಲ್ವಾ?" ಎಂದು ಕೇಳಿದಳು.

"ಒಳಗೆ ಸೆಕೆ," ಎಂದೆ. ಅವಳು ಒಳಗೆ ಹೋಗಿ ಫ್ಯಾನು ಹಾಕಿದಳು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಲೆ ಕತ್ತರಿಸಲು ಕೂತೆ.