ಬ್ಯಾರಲ್ ಗುಲಾಬಸಾಬನ ಒಂದು ಗುಟುಕು

ನಮ್ಮ ಹುಬ್ಬಳ್ಳ್ಯಾಗ ಮನ್ಯಾಗ ಟಿ.ವಿ. ಇಲ್ಲದಿದ್ರ ನಡೀತೈತಿ, ಬ್ಯಾರಲ್ ಇಲ್ಲದಿದ್ರ ನಡ್ಯಂಗಿಲ್ಲ. ನಳಾ ಬರೂದು ಎಂಟ ದಿನಕ್ಕೊಮ್ಮೆ, ಬ್ಯಾಸಗ್ಯಾಗ ಅದೂ ದೇವರ ಇಚ್ಛಾ. ಬಂದ ದಿನ ತುಂಬಿ ಇಟ್ಕೊಂಡವರು ಗೆದ್ರು, ಇಲ್ಲದವರು ಮಂದಿ ಬಾಗಲಾಗ ಕೊಡಾ ಹಿಡಕೊಂಡು ನಿಂತು ಹಲ್ಲ ಕಿಸೀಬೇಕು. ಅದಕ್ಕ ನಮ್ಮ ಕಡೆ ಗುಲಾಬಸಾಬಗ ಭಾಳ ಕಿಮ್ಮತ್ತಿತ್ತು. ಫ್ಯಾಕ್ಟರಿಯವರು ಒಗದ ಹಳೇ ಬ್ಯಾರಲ್ ಗುಜರಿ ಮೋಡಕಾದವರ ಕಡಿಂದ ತಂದು, ತೊಳದು, ನೀರ ತುಂಬೂ ಹಂಗ ಮಾಡಿ ಮಾರೂದು ಅವನ ಕೆಲಸ.

ನಾ ಸಾವಂತ್ರೆವ್ವ. ಗುಲಾಬಸಾಬನ ಅಂಗಡಿ ಕಟ್ಟಿ ಮ್ಯಾಲ ಕುಂತು ಜ್ವಾಳದ ರೊಟ್ಟಿ ಮಾರತೇನಿ. ಮದಲ ದುರ್ಗದಬೈಲ್‌ದಾಗ ಕುಂಡರತಿದ್ದೆ, ಅಲ್ಲಿ ದಿನಾ ಒಬ್ಬಾಂವ ಬಂದು ಎಬ್ಬಸಾಂವ. ಒಂದಿನ ಜಗಳಾಡಿ ಬುಟ್ಟಿ ಹೊತ್ಕೊಂಡು ಈ ಕಡೆ ಬಂದಾಗ ಗುಲಾಬಸಾಬ ನೋಡಿ, "ತಂಗೀ, ನನ್ನ ಕಟ್ಟಿ ಮ್ಯಾಲ ಕುಂಡರು. ಇಲ್ಲೆ ನಿನ್ನ ಎಬ್ಬಸಾವರು ಯಾರೂ ಇಲ್ಲ, ನಾನೂ ನಿನಗ ಅಂಜತೇನಿ" ಅಂದ. ಆವಾಗಿಂದ ನಾ ಅವಗ ಗುಲಾಬಣ್ಣ ಅಂತೇನಿ. ಬಾಡಿಗಿ ಅಂತ ಒಂದ ರೊಟ್ಟಿ ಕೊಟ್ರ, ಅದರ ಮ್ಯಾಲ ಶೇಂಗಾ ಹಿಂಡಿ ಯಾಕ ಹಾಕಿಲ್ಲಂತ ಮತ್ತ ತಕರಾರು ಬ್ಯಾರೆ.

ಅವರಪ್ಪ ಓಣಿ ಓಣಿ ತಿರಗಿ ತಾಮ್ರದ ಭಾಂಡೆಕ್ಕ ಕಲಾಯಿ ಹಾಕತಿದ್ದನಂತ. ಗುಲಾಬಣ್ಣ ಸಣ್ಣಾಂವ ಇದ್ದಾಗ ಅವರಪ್ಪನ ಮುಂದ ಕುಂತು ತಿದಿ ಊದಾಂವ. ಸ್ಟೀಲ್ ಭಾಂಡೆ ಬಂದ್ವು, ಕಲಾಯಿ ಯಾರಿಗೂ ಬ್ಯಾಡಾತು. ಅಪ್ಪ ಸಾಯೂ ಮುಂದ, "ಮಂದಿ ಉಣ್ಣೂ ಭಾಂಡೆದ ಕೆಲಸ ಮಾಡೇವಿ, ಸುಳ್ಳ ಮಾಡಬ್ಯಾಡ" ಅಂದಿದ್ದನಂತ. ಆ ಮಾತು ಇವನ ತಲ್ಯಾಗ ಗಟ್ಟಿ ಕುಂತಬಿಟ್ಟಿತ್ತು. ಒಂದೊಂದು ಬ್ಯಾರಲ್‌ಗೆ ಬೂದಿ, ಸೋಡಾ, ಹುಣಸಿಹಣ್ಣು ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಬಿಸಲಿಗೆ ಬೋರಲ ಹಾಕಿ ಒಣಗಸಿ, ಮತ್ತ ತೊಳದು, ಗಿರಾಕಿ ಬಂದ ಮ್ಯಾಲ ಅದರಾಗ ನೀರ ಹಾಕಿ, ಬೊಗಸ್ಯಾಗ ತಗೊಂಡು ಅವರ ಮುಂದ ಒಂದು ಗುಟುಕು ಕುಡೀತಿದ್ದ.

"ನೋಡ್ರಿ, ನಾ ಕುಡದೇನಿ. ಇನ್ನ ನಿಮ್ಮ ಮಕ್ಕಳು ಕುಡೀಲಿ" ಅಂತಿದ್ದ. ಇಷ್ಟ ಅವನ ಗ್ಯಾರಂಟಿ.

ಒಮ್ಮೆ ದೇಶಪಾಂಡೆ ನಗರದಿಂದ ನಿರುಪಮಾಬಾಯಿ ಅಂತ ಒಬ್ಬಾಕಿ ಬಂದಿದ್ದಳು. ಇಂವ ಕುಡದು ತೋರಿಸಿದ ಕೂಡಲೇ ಮಾರಿ ಸಣ್ಣದ ಮಾಡಿ, "ಇನ್ನೊಮ್ಮೆ ತೊಳದ ಕೊಡ್ರಿ" ಅಂದ್ಲು. ನನಗ ಪಿತ್ತ ನೆತ್ತಿಗೇರಿತು. ರೊಟ್ಟಿ ಬುಟ್ಟಿ ಬಿಟ್ಟು ಎದ್ದೆ. ಗುಲಾಬಣ್ಣ ನನಗ ಕಣ್ಣಲೇ ಸುಮ್ಮನಿರು ಅಂದು, ನಕ್ಕೋಂತ ಮತ್ತ ತೊಳದ. ತೊಳದು, ಮತ್ತ ನೀರ ಹಾಕಿ, ಮತ್ತ ಒಂದು ಗುಟುಕು ಕುಡದ! ಪಾಪ, ಆಕಿಗೂ ನಗು ಬಂದು ಬ್ಯಾರಲ್ ಒಯ್ದಳು.

ಹಂಥಾವ ಒಮ್ಮೆ, ಒಂದ ಸಲ, ತೊಳೀಲಾರದ ಬ್ಯಾರಲ್ ಕೊಟ್ಟ.

ತಗೊಂಡಾಂವ ನಮ್ಮ ಬಾಜೂ ಮನಿ ಹುಲಗೇಶ. ಸರ್ಕಾರಿ ಕಚೇರ್ಯಾಗ ಗುಮಾಸ್ತ. ಮನಷ್ಯಾ ಕೆಟ್ಟಾಂವ ಅಲ್ಲ, ಖರೇ ಎಲ್ಲಾದಕ್ಕೂ ಗಡಿಬಿಡಿ. ಅವನ ಮಗಳು ಸ್ನೇಹಲ್, ಎರಡನೇತ್ತ ಓದತಾಳ. ಆ ಕೂಸು ಮನ್ಯಾಗ ಇರೂಕಿಂತ ನನ್ನ ಅಡಗಿ ಮನ್ಯಾಗ ಇರೂದ ಹೆಚ್ಚು. ಬಿಸಿ ರೊಟ್ಟಿಗೆ ಬೆಣ್ಣಿ ಹಚ್ಚಿ ಕೊಟ್ರ, ಬೆಣ್ಣಿ ನೆಕ್ಕಿ ರೊಟ್ಟಿ ನನಗ ವಾಪಸ್ ಕೊಡತಾಳ, ಭಂಡಿ!

ಮರುದಿನ ನಳಾ ಬರೂದಿತ್ತು. ಹುಲಗೇಶನ ಮನಿ ಬ್ಯಾರಲ್ ತೂತು ಬಿದ್ದಿತ್ತು. ಕಚೇರಿಂದ ಬಂದಾಂವ ಹಂಗ ಸೀದಾ ಅಂಗಡಿಗೆ ಬಂದು, ಮೂಲ್ಯಾಗ ನಿಂತಿದ್ದ ಎರಡು ಕಬ್ಬಿಣದ ಬ್ಯಾರಲ್‌ದಾಗ ಒಂದರ ಮ್ಯಾಲ ಕೈ ಇಟ್ಟ. ಎರಡೂ ಅವತ್ತ ಬಂದಿದ್ವು. ಒಳಗ ಹರಕ ಪ್ಲಾಸ್ಟಿಕ್ ಚೀಲಾ, ತಳದಾಗ ಬಿಳೇ ಪುಡಿ ಹತ್ತಿತ್ತು.

"ಇದನ್ನ ತೊಳದಿಲ್ಲೋ ಹುಲಗ್ಯಾ. ನನ್ನ ಹತ್ರ ಹನಿ ನೀರಿಲ್ಲ. ನಾಳೆ ನಳಾ ಬಂದ ಮ್ಯಾಲ ತೊಳದ ಕೊಡತೇನಿ" ಅಂದ ಗುಲಾಬಣ್ಣ.

"ನಾಳೆ ನಳಾ ಬಂದಾಗ ನಾ ನೀರ ಯಾತರಾಗ ತುಂಬ್ಲಿ ಕಾಕಾ? ನಿನ್ನ ಟೊಪಗ್ಯಾಗೇನು?"

"ಅದರಾಗ ಏನಿತ್ತೋ ಏನೋ, ನನಗೂ ಗೊತ್ತಿಲ್ಲ."

"ನಾವು ತೊಳಕೋತೇವಿ ಬಿಡು. ಎಂಟ ದಿನಾ ನೀರಿಲ್ಲದ ಮನಿ ನಡಸಾವರು ಯಾರು, ನೀ ಬಂದು ನಡಸ್ತೀಯೇನು?"

ಅವ ಹಂಗ ಜೋರ ಮಾಡಿದ. ಗುಲಾಬಣ್ಣ ಒಂದ ಸಲ ಬ್ಯಾರಲ್ ನೋಡಿದ, ಒಂದ ಸಲ ಅವನ ಮಾರಿ ನೋಡಿದ. ನೀರಿನ ಮಾತು ಬಂದ್ರ ನಮ್ಮೂರಾಗ ಎಂಥಾವರೂ ಮೆತ್ತಗ ಆಗತಾರ. "ಒಯ್ಯಪಾ. ಛಲೋ ತಿಕ್ಕಿ ತೊಳೀರಿ ಮತ್ತ" ಅಂದ. ಅವತ್ತ ಮೊದಲನೇ ಸಲ ಗುಟುಕು ಕುಡೀಲಾರದ ಒಂದ ಬ್ಯಾರಲ್ ಆ ಅಂಗಡಿಂದ ಹೋತು.

ಮರುದಿನ ಮುಂಜಾನೆ ನಳಾ ಮದಲ ಗುಲಾಬಣ್ಣನ ರಸ್ತೆಕ್ಕ ಬಂದ್ವು. ಅಲ್ಲಿಂದ ಮುಂದ ವಾಲ್ ತಿರುವಿದ ಮ್ಯಾಲ ನಮ್ಮ ಓಣಿಗೆ. ಗುಲಾಬಣ್ಣ ಮನಿ ಕೊಡಾ ತುಂಬೂದು ಬಿಟ್ಟು, ಮದಲ ಉಳಿದ ಆ ಇನ್ನೊಂದು ಬ್ಯಾರಲ್‌ಗೆ ಒಂದ ತಂಬಿಗಿ ನೀರ ಹಾಕ್ಯಾನ. ತಳದಾಗಿನ ಪುಡಿ ಚುರ್ ಅಂತ ಕುದ್ದು, ಪಟಾಕಿ ಸುಟ್ಟಂಗ ಗಂಧಕದ ವಾಸನಿ ಎದ್ದು ಇವನ ಉಸುರು ಕಟ್ಟೇತಿ. ತಗಡು ಮುಟ್ಟಿ ನೋಡಿದ್ರ ಹಂಚಿನಂಗ ಕಾದಿತ್ತಂತ. ಬೆಂಕಿ ಇಲ್ಲ, ಕಡ್ಡಿ ಕೊರದಿಲ್ಲ, ಬರೇ ನೀರು. ಇದನ್ನೆಲ್ಲಾ ಅವನೇ ನನಗ ಆಮ್ಯಾಲ ಹೇಳಿದ.

ಅವಗ ಆವಾಗ ನೆನಪಾಗಿದ್ದು ಸ್ನೇಹಲ್. ಯಾಕಂದ್ರ ನಮ್ಮ ಓಣ್ಯಾಗ ಬ್ಯಾರಲ್ ತೊಳ್ಯೂದು ಹೆಂಗಂತ ಅವಗ ಛಲೋ ಗೊತ್ತು. ದೊಡ್ಡವರ ಕೈ ತಳಕ್ಕ ಮುಟ್ಟಂಗಿಲ್ಲ. ಅದಕ್ಕ ಬ್ಯಾರಲ್ ಅಡ್ಡ ಕೆಡವಿ, ಮನ್ಯಾಗಿನ ಸಣ್ಣ ಹುಡುಗರ ಕೈಯಾಗ ತೆಂಗಿನ ನಾರು ಕೊಟ್ಟು ಒಳಗ ಕಳಸ್ತೇವಿ. ಹುಡುಗರಿಗೂ ಅದೊಂದು ಆಟ. ಒಳಗ ಕುಂತು ಕೂ ಅಂತ ಕೂಗಿ ತಮ್ಮ ದನಿ ತಾವ ಕೇಳತಾವ.

ಓಡಕೋಂತ ಬರೂ ದಾರ್‍ಯಾಗ ವಾಲ್ ಬಿಡೋ ಮೈಲಾರಿ ಎದುರಾದ.

"ಮೈಲಾರೀ, ಹುಲಗ್ಯಾನ ಓಣಿಗೆ ನೀರ ಬಿಟ್ಟೀಯೇನು?"

"ಈಗ ಬಿಟ್ಟ ಬಂದೆ ಕಾಕಾ."

"ಬಂದ್ ಮಾಡೋ! ಫಾಯರ್ ಬ್ರಿಗೇಡಿಗೆ ಫೋನ್ ಹಚ್ಚು!" ಅಂದಾಂವ ತನ್ನ ಟೊಪಗಿ ಬಿದ್ದದ್ದೂ ನೋಡ್ಲಿಲ್ಲಂತ.

ಓಣ್ಯಾಗ ಮದಲ ನಳಾ ನಂದು, ನಾ ಆಗಲೇ ನನ್ನ ಬ್ಯಾರಲ್ ತುಂಬಿ ಮುಚ್ಚಳಾ ಹಾಕಾಕತ್ತಿದ್ದೆ. ಹುಲಗೇಶನ ಅಂಗಳದಾಗ ಬ್ಯಾರಲ್ ಅಡ್ಡ ಬಿದ್ದಿತ್ತು, ಬಾಯಾಗಿಂದ ಸ್ನೇಹಲ್‌ನ ಎರಡು ಕಾಲಷ್ಟ ಹೊರಗ ಕಾಣತಿದ್ವು. ಹಸಿ ನಾರು ಆಕಿ ಕೈಯಾಗ ಕೊಟ್ಟು ಹುಲಗೇಶ ಕೊಡಾ ತುಂಬಿ ತರಾಕ ಒಳಗ ಹೋಗಿದ್ದ. ಕೂಸು ಒಳಗಿಂದ "ಪಪ್ಪಾ, ಬಿಸಿ ಆಗಾಕತ್ತೇತಿ" ಅಂತು. ನಾ ಕೇಳಿದೆ. ಬಿಸಲಿಗೆ ಕಬ್ಬಿಣ ಕಾದಿರಬೇಕು ಅನ್ಕೊಂಡೆ. ಅಷ್ಟರಾಗ ಗುಲಾಬಣ್ಣ ಬಂದ. ಆ ವಯಸ್ಸಿನ್ಯಾಗ ಹಂಗ ಓಡೂದು ನಾ ಯಾವತ್ತೂ ನೋಡಿಲ್ಲ. ಬಂದಾಂವ ಕೂಸಿನ ಎರಡೂ ಕಾಲು ಹಿಡದು ಎಳದ. ಕೆಮ್ಮಕೋಂತ, ಕಣ್ಣೀರ ಸುರಿಸ್ಕೋಂತ ಬಂತದು. ಅಂಗೈ ಎರಡೂ ಕೆಂಪಾಗಿದ್ವು. ಅದನ್ನ ನನ್ನ ಕಡೆ ದೂಡಿದ. ಹಿಂದಿಂದ ಬ್ಯಾರಲ್ ಬಾಯಾಗ ಬಿಳೇ ಹೊಗಿ ಬಂತು.

ಹೊಗಿ ಕಂಡ್ರ ನಮ್ಮ ಮಂದಿ ಮಾಡೂದೇನು? ನೀರ ಹಾಕೂದು. ಹುಲಗೇಶ ಹೊರಗ ಬಂದಾಂವ ಕೈಯಾಗಿನ ಕೊಡಾ ಹಂಗ ಬ್ಯಾರಲ್‌ದಾಗ ಬಗ್ಗಿಸಿದ. ಗುಲಾಬಣ್ಣ "ಬ್ಯಾಡೋ!" ಅನ್ನೂದ್ರೊಳಗ ಭುಗ್ ಅಂತ ಉರಿ ಎದ್ದು ಅಂಗಳದಾಗಿನ ಹಂದರಕ್ಕ ಹತ್ತಿತು. ಅದರ ಹಿಂದ ಆ ವಾಸನಿ. ಮೂಗು, ಗಂಟಲು, ಎದಿ ಎಲ್ಲಾ ಸುಟ್ಟಂಗಾತು. ಓಣಿ ಮಂದಿ ಎಲ್ಲಾರೂ ಕೊಡಾ ಹಿಡಕೊಂಡು ಓಡಿ ಬಂದ್ರು. ಗುಲಾಬಣ್ಣ ಕೈ ಅಡ್ಡ ಹಿಡದು ನಿಂತು ಒದರಿದ: "ನೀರ ಬ್ಯಾಡ್ರೋ! ಉಸುಕು ತರ್ರಿ, ಉಸುಕು!"

ಯಾರು ಕೇಳ್ತಾರ? ಸಾಬಗ ತಲಿ ಕೆಟ್ಟೇತಿ ಅಂದ್ರು. ಗುಲಾಬಣ್ಣ ಅಂಗಿ ತಗದು ಕೈಗೆ ಸುತ್ತಿ, ಉರಿಯೂ ಬ್ಯಾರಲ್‌ನ್ನ ಉಳ್ಳಿಸ್ಕೋಂತ ಓಣಿ ತುದಿಗೆ ಮನಿ ಕಟ್ಟಾಕ ಹಾಕಿದ್ದ ಉಸುಕಿನ ಗುಡ್ಡೆದ ತನಾ ಒಯ್ದ. ಮಣಕಾಲೂರಿ ಎರಡೂ ಕೈಲೇ ಉಸುಕು ತೋಡಿ ತೋಡಿ ಅದರ ಬಾಯಾಗ ಹಾಕಿದ. ಹೊಗಿ ಪೂರಾ ಅವನ ಮಾರಿಗೆ ಬರತಿತ್ತು.

ಫಾಯರ್ ಬ್ರಿಗೇಡ್ ಗಾಡಿ ನಮ್ಮ ಓಣ್ಯಾಗ ಹೊಕ್ಕಲಿಲ್ಲ. ಮಾರಿಗೆ ಮಾಸ್ಕ್, ಬೆನ್ನಿಗೆ ಗಾಳಿ ಸಿಲಿಂಡರ್ ಹಾಕ್ಕೊಂಡು ನಡಕೋಂತ ಬಂದ್ರು. ಅವರ ಸಾಹೇಬ ವಿಜಯೀಂದ್ರ ಅಂತ. ಬಂದಾವ ಮದಲ ಗುಲಾಬಣ್ಣನ್ನ ಎಬ್ಬಿಸಿ ದೂರ ಕಳಿಸಿದ. ನಮ್ಮನ್ನೆಲ್ಲಾ ಗಾಳಿ ಬರೂ ದಿಕ್ಕಿಗೆ ಸರಿಸಿದ. "ಇದು ಹೈಡ್ರೋಸ್. ಬೆಲ್ಲ ಬಿಳಿ ಮಾಡಾಕ, ಅರಿವಿ ಬಣ್ಣಕ್ಕ ಹಾಕೂ ಪುಡಿ. ಚೂರು ಹಸಿ ತಾಗಿದ್ರ ತಾನ ಕಾದು ತಾನ ಹತ್ತತೈತಿ. ಹನಿ ನೀರ ಬರಬಾರದು ಈ ಕಡೆ" ಅಂದ.

ಹನಿ ಎಲ್ಲಿ ಬಂತು, ಓಣಿ ತುಂಬ ನೀರು ಹರಿಯಾಕತ್ತಿತ್ತು! ನಮ್ಮ ನಳಕ್ಕ ತಿರುವಿ ಬಂದ್ ಮಾಡೂ ತೋಟಿ ಇರಂಗಿಲ್ಲ, ಬಂದಷ್ಟೂ ಹರೀತೈತಿ. ಗಟಾರ ತುಂಬಿ ಉಸುಕಿನ ಗುಡ್ಡೆದ ಕಡೆ ಹೊಂಟಿತ್ತು. ಅಂಥಾದ್ರಾಗೂ ಒಬ್ಬಾಕಿ ಸೆರಗು ಮೂಗಿಗೆ ಹಿಡಕೊಂಡು ತನ್ನ ಕೊಡಾ ತುಂಬಾಕತ್ತಿದ್ದಳು. ನಾ ಹೋಗಿ ಅದನ್ನ ಒದ್ದೆ. "ನಿನ್ನ ನೀರಿಗಿಷ್ಟು ಬೆಂಕಿ ಹಚ್ಚ" ಅಂದೆ. ನಳಕ್ಕ ಅರಿವಿ ತುರುಕಿದ್ವಿ. ಅಷ್ಟರಾಗ ಫಾಯರ್‌ದವರಿಗೆ ದಾರಿ ತೋರಿಸಾಕ ನಿಂತಿದ್ದ ಮೈಲಾರಿ ಹೋಗಿ ವಾಲ್ ಬಂದ್ ಮಾಡಿದ, ನೀರು ನಿಂತ್ವು. ಫಾಯರ್‌ದವರು ಒಣ ಉಸುಕು ತಂದು ಬ್ಯಾರಲ್ ಹುಗದು, ತಣ್ಣಗ ಆಗೂ ತನಾ ಕಾದ್ರು. ಗುಲಾಬಣ್ಣನ ಅಂಗಡ್ಯಾಗಿಂದ ಆ ಇನ್ನೊಂದನ್ನೂ ಒಯ್ದ್ರು.

ಸ್ನೇಹಲ್‌ನ ದವಾಖಾನಿಗೆ ಒಯ್ದು, ಅಂಗೈಗೆ ಮಲಾಮು ಹಚ್ಚಿ, ಎರಡು ದಿನಾ ಇಟ್ಕೊಂಡು ಕಳಿಸಿದ್ರು. ಉಳೀತು ಕೂಸು. ಗುಲಾಬಣ್ಣಗೂ ಗಾಡಿ ಹತ್ತು ಅಂದ್ರು. ನಮ್ಮ ಮನಿ ಕಟ್ಟಿ ಮ್ಯಾಲ ಕುಂತು, "ನನಗೇನಾಗೇತಿ? ಕಲಾಯಿ ಹೊಗಿ ಕುಡದು ಬೆಳದಾಂವ ನಾ. ಒಂದ ಕಪ್ ಚಾ ಮಾಡು ತಂಗೀ" ಅಂದ. ಚಾ ಕುಡದ. ಎರಡ ಸಲ "ಕೂಸು ಹೆಂಗೈತಿ?" ಅಂತ ಕೇಳಿದ. ಸಂಜಿಕ ತುಟಿ ನೀಲಿ ಆದ್ವು, ಉಸುರು ಎಳ್ಯಾಕತ್ತಿದ. ಆ ಹೊಗಿ ಒಳಗ ಕುಂತು ಸಾವಕಾಶ ಕೆಲಸ ಮಾಡತೈತಂತ, ಡಾಕ್ಟರ್ ಹೇಳಿದ್ರು. ನಾ ಚಾ ಮಾಡೂ ಬದ್ಲಿ ಎಳಕೊಂಡು ಒಯ್ದಿದ್ರ? ಅದನ್ನ ಎಷ್ಟ ಸಲ ವಿಚಾರ ಮಾಡಿದ್ರೂ ಏನ ಉಪಯೋಗ.

ದವಾಖಾನ್ಯಾಗ ಪೊಲೀಸರು ಬಂದ್ರು. ಹುಲಗೇಶ ಅದಾಗಲೇ ಹೇಳಿಕಿ ಕೊಟ್ಟಿದ್ದ: ಸಾಬ ತೊಳೀಲಾರದ ಬ್ಯಾರಲ್ ಕೊಟ್ಟ ಅಂತ. ಖರೇನ ಅದು, ಅರ್ಧಾ ಖರೇ.

"ಹೌದ್ರಿ, ತೊಳೀಲಾರದ ಕೊಟ್ಟೆ" ಅಂದ ಗುಲಾಬಣ್ಣ, ಮೂಗಿನ ನಳಿಗಿ ಸರಿಸಿ.

"ಉಳಿದದ್ದೂ ಹೇಳು! ಅವ ಜೋರ ಮಾಡಿ ಒಯ್ದ ಅಂತ ಹೇಳು!" ನಾ ಬಡಕೊಂಡೆ. ಗುಲಾಬಣ್ಣನ ಮಗ ತನ್ವೀರನೂ ಹೇಳಿದ. ಗುಲಾಬಣ್ಣ ಬ್ಯಾಡಂತ ತಲಿ ಅಲ್ಲಾಡಿಸಿದ.

ಪೊಲೀಸರು ಹೋದ ಮ್ಯಾಲ ನನಗ ಅಂದ: "ಆ ಕೂಸಿಗೆ ಅಪ್ಪ ಬೇಕಲ್ಲ ತಂಗೀ. ಅವ ಕೇಳಿದ್ದು ನೀರಿಗೆ. ಕೊಡಬಾರದಾಗಿತ್ತು ನಾ. ನಮ್ಮಪ್ಪ ಹೇಳಿದ್ದ."

ಮುಂದಿನ ನಳಾ ಬರೂದ್ರೊಳಗ ಗುಲಾಬಣ್ಣ ಹೋದ.

ಮಣ್ಣಿಗೆ ಒಯ್ಯೂಕಿಂತ ಮದಲ ಅವರೊಳಗ ಮಯ್ಯತ್ತಿಗೆ, ಅಂದ್ರ ಹೆಣಕ್ಕ, ಜಳಕಾ ಮಾಡಸಬೇಕು. ಊರಿಗೆಲ್ಲಾ ಬ್ಯಾರಲ್ ಕೊಟ್ಟಾವನ ಮನ್ಯಾಗ ನೀರಿರಲಿಲ್ಲ. ಅವತ್ತ ಕೊಡಾ ತುಂಬೂದು ಬಿಟ್ಟ ಓಡಿದ್ದ, ಆಮ್ಯಾಲ ವಾಲ್ ಬಂದ್ ಆತು. ಓಣ್ಯಾಗ ಎಲ್ಲಾರದೂ ಅದ ಹಾಡು. ನನ್ನ ಬ್ಯಾರಲ್ ಒಂದ ತುಂಬಿತ್ತು, ಅವನ ಕಡಿಂದ ತಗೊಂಡದ್ದು.

ನನ್ನ ಬಾಗಲಾಗ ಹುಲಗೇಶ ಬಂದು ನಿಂತ. ಎರಡೂ ಕೈಯಾಗ ಖಾಲಿ ಕೊಡಾ. ಅವನ ಹಿಂದ ಸ್ನೇಹಲ್, ಕೈಗೆ ಪಟ್ಟಿ.

"ಯವ್ವಾ, ಕಾಕಾಗ ಜಳಕಕ್ಕ ನೀರಿಲ್ಲಂತ. ನಾ ಒಯ್ದು ಕೊಡತೇನಿ" ಅಂದ.

ದವಾಖಾನಿ ದಿನದಿಂದ ಅವನ ಕೂಡ ನಾ ಮಾತ ಬಿಟ್ಟಿದ್ದೆ. ಬಾಗಲಾ ಬಡದು ಹಾಕಬೇಕು ಅನ್ನೂವಷ್ಟ ಸಿಟ್ಟಿತ್ತು. ಆ ಕೂಸು ಬಂದು ನನ್ನ ಸೀರಿ ಹಿಡಕೊಂಡು, "ಆಯೀ, ಇದನ್ನ ಅಜ್ಜ ತೊಳದಿದ್ನಾ?" ಅಂತ ಕೇಳಿತು, ಬ್ಯಾರಲ್ ಕಡೆ ನೋಡಿ.

ನಾ ಬ್ಯಾರಲ್ ಮುಚ್ಚಳಾ ತಗದೆ. ಬೊಗಸ್ಯಾಗ ನೀರ ತಗೊಂಡು, ಅಪ್ಪ ಮಗಳ ಮುಂದ ಒಂದು ಗುಟುಕು ಕುಡದೆ.

"ಛಲೋ ಐತಿ" ಅಂದೆ. "ತುಂಬ್ಕೊಂಡು ಒಯ್ಯಿ."