ಕೆಂಪಿ ಕಾವಿಗೆ ಕೂತ ವರ್ಷ

ನಾನು ಬಿ.ಎ. ಪಾಸು ಮಾಡುವುದು ಆಗದ ಮಾತೆಂದು ಮೊದಲು ಹೇಳಿದವರು, ಆಮೇಲೂ ಬಿಡದೆ ಹೇಳುತ್ತಲೇ ಇದ್ದವರು ನನ್ನ ದೊಡ್ಡಪ್ಪ ಮುನಿಯಪ್ಪನವರು. ವಿದ್ಯೆಯ ಮೇಲೆ ಅವರಿಗೆ ದ್ವೇಷವೇನೂ ಇರಲಿಲ್ಲ; ಬಿಳೇಕಹಳ್ಳಿಯ ಹೆಣ್ಣುಮಗಳೊಬ್ಬಳು ಹೊಲದ ಬದುವಿನ ಮೇಲೆ ನಡೆದು, ಆಗಷ್ಟೇ ರಸ್ತೆಗಳು ಮೂಡುತ್ತಿದ್ದ ಜಯನಗರದಲ್ಲಿ ಬಸ್ಸು ಹಿಡಿದು, ಕೆಸರುಗಾಲಿನಲ್ಲೇ ಕಾಲೇಜು ಸೇರುವುದನ್ನು ಕಂಡರೆ ಮದುವೆಯ ವಯಸ್ಸು ವೃಥಾ ಸವೆಯುತ್ತಿದೆ ಎಂಬ ವ್ಯಥೆ, ಅಷ್ಟೆ. ನಾನು ಕೊನೆಯ ವರ್ಷಕ್ಕೆ ಬಂದಾಗ ಅವರು ಆನೇಕಲ್ ಕಡೆಯ ಗಂಡೊಂದನ್ನು ಗೊತ್ತುಮಾಡಿಕೊಂಡೇ ಬಂದರು. ಹುಡುಗಿ ಒಪ್ಪಿಗೆಯಾದರೆ ಪರೀಕ್ಷೆಯ ಮಾತೇ ಬೇಡ ಎಂದರು. ಅಣ್ಣನಿಗೆ ಎದುರಾಡಿ ಅಭ್ಯಾಸವಿಲ್ಲದ ಅಪ್ಪ ನೆಲ ನೋಡಿದರು.

ಆಗ ನನ್ನ ರಕ್ಷಣೆಗೆ ಒದಗಿದ್ದು ನಮ್ಮ ಹಿತ್ತಲಿನ ಕೆಂಪು ಹೇಂಟೆ, ಕೆಂಪಿ.

ಕೋಳಿ ಸಾಕಿ ಗೊತ್ತಿಲ್ಲದ ಓದುಗರಿಗೆ ನಮ್ಮ ಮನೆತನದ ಕಟ್ಟಳೆಯನ್ನು ವಿವರಿಸಬೇಕು. ಗಂಡಿನ ಕಡೆಯವರು ಮನೆಗೆ ಬಂದರೆ ಮುದ್ದೆಯ ಜೊತೆ ಕೋಳಿಸಾರು ಆಗಲೇಬೇಕು. ಆ ಕೋಳಿಯೂ ಮನೆಯಲ್ಲೇ ಬೆಳೆದದ್ದಾಗಿರಬೇಕು. ಸಂತೆಯ ಕೋಳಿ ತಂದು ಬಡಿಸಿದರೆ ದೊಡ್ಡಪ್ಪನ ಮೀಸೆಗೇ ಅವಮಾನ. ಆದರೆ ಕಾವಿಗೆ ಕೂತ ಕೋಳಿಯನ್ನಾಗಲಿ ಮರಿಯುಳ್ಳ ಕೋಳಿಯನ್ನಾಗಲಿ ಕೊಯ್ಯುವಂತಿಲ್ಲ. ಈ ಕಟ್ಟಳೆಗಳ ನಡುವೆ ಒಬ್ಬ ಹುಡುಗಿ ನುಸುಳಿ ಪಾರಾಗುವಷ್ಟು ಜಾಗವಿದೆ ಎಂದು ಕಂಡುಕೊಂಡವಳು ನನ್ನ ಅವ್ವ.

ಭಾವನವರ ಎದುರು ನಿಂತು ಮಾತಾಡುವುದು ಅವ್ವನ ಕಾಲದ ರೂಢಿಯಲ್ಲ. ಆಕೆ ಬಾಗಿಲ ಮರೆಯಲ್ಲಿ ನಿಂತು, ನನಗೆ ಹೇಳುವಂತೆ, ಅವರಿಗೆ ಕೇಳುವಂತೆ ಮಾತು ತೆಗೆದಳು. "ದೊಡ್ಡಪ್ಪಂಗೆ ಹೇಳವ್ವ, ಕೆಂಪಿ ಕಾವಿಗೆ ಕೂತೈತೆ."

"ಕರೀದು ಐತಲ್ಲ?" ದೊಡ್ಡಪ್ಪನೂ ನನ್ನನ್ನೇ ಕೇಳಿದರು.

"ಅದು ಮೊಟ್ಟೆ ಇಡೋ ಕೋಳಿ. ಅದ್ರ ಮೊಟ್ಟೇನೇ ಕೆಂಪಿ ಕೆಳಗಿರೋದು."

"ಹುಂಜ?"

"ಹುಂಜ ಇಲ್ದೆ ಮುಂದಕ್ಕೆ ಮರಿ ಆಯ್ತವಾ, ನಿಮ್ಮ ದೊಡ್ಡಪ್ಪನ್ನೇ ಕೇಳವ್ವ."

ಎರಡು ರಾಜ್ಯಗಳ ನಡುವಿನ ರಾಯಭಾರಿಯಂತೆ ನಾನು ಗಂಭೀರವಾಗಿ ನಿಂತಿದ್ದೆ. ದೊಡ್ಡಪ್ಪ ಟವಲು ಕೊಡವಿಕೊಂಡು, ಮರಿ ಬೆಳೆದ ಮೇಲೆ ನೋಡೋಣವೆಂದು ಹೊರಟರು.

ಬೂದಿ, ಹುಲ್ಲು ಹಾಸಿದ ಮಂಕರಿಯಲ್ಲಿ ಕೆಂಪಿ ಕೂತದ್ದು ನಾನು ಓದುವ ಮೂಲೆಯಲ್ಲೇ. ಅದು ಅರೆಗಣ್ಣು ಮುಚ್ಚಿ ಯೋಗನಿದ್ರೆಯಲ್ಲಿರುತ್ತಿತ್ತು. ನಾನು ಕಣ್ಣರಳಿಸಿಕೊಂಡೇ ಅರ್ಥಶಾಸ್ತ್ರದ ಮುಂದೆ ನಿದ್ರಿಸುತ್ತಿದ್ದೆ. ಅದು ದಿನಕ್ಕೊಮ್ಮೆ ಎದ್ದು, ಕಾಳು ತಿಂದು, ಮಣ್ಣಿನಲ್ಲಿ ಹೊರಳಾಡಿ, ಮತ್ತೆ ಬಂದು ಕೂರುವುದು. ನನಗೆ ಏಳಲು ನೆಪಗಳಿಗೆ ಬರವೇ ಇರಲಿಲ್ಲ. ಪುಸ್ತಕ ಬಿಟ್ಟು ಎದ್ದಾಗಲೆಲ್ಲ ಅದು ಒಂದು ಕಣ್ಣು ತೆರೆದು ನೋಡುತ್ತಿತ್ತು. ಯಾವ ಉಪನ್ಯಾಸಕರ ನೋಟಕ್ಕೂ ನಾನು ಅಷ್ಟು ಅಂಜಿದವಳಲ್ಲ.

ಮರಿಗಳು ಎದ್ದ ಮೇಲಂತೂ ಮನೆಯಲ್ಲಿ ಹಬ್ಬ. ಹಳೆಯ ಕುಡಿಕೆಗೆ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಹಿತ್ತಲಿನಲ್ಲಿ ಬೋರಲು ಹಾಕಿಟ್ಟರೆ ಬೆಳಗಾಗುವುದರೊಳಗೆ ಗೆದ್ದಲು ಮುತ್ತಿರುತ್ತಿತ್ತು. ಅದನ್ನು ಮರಿಗಳ ಮುಂದೆ ಕೊಡವುವ ಕೆಲಸ ನನ್ನದು. ಕೆಂಪಿ ತಾನು ತಿನ್ನದೆ, ಕೊಕ್ಕಿನಿಂದ ಎತ್ತಿ, ಬೀಳಿಸಿ, ಕೊಕ್‌ಕೊಕ್ ಎಂದು ಪಾಠ ಹೇಳುವುದು. ಹತ್ತಿಯುಂಡೆಗಳಂಥ ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಬಿದ್ದು ಬರುವರು. ನನ್ನ ಟಿಪ್ಪಣಿಗಳ ಮೇಲೆ ಅವು ಓಡಾಡಿ ಬಿಟ್ಟುಹೋದ ಗುರುತುಗಳನ್ನು ಸಭ್ಯ ಪ್ರಬಂಧದಲ್ಲಿ ವರ್ಣಿಸಲಾರೆ.

ದೊಡ್ಡಪ್ಪ ಆಗಾಗ ಬಂದು, ಮರಿಗಳು ಎಷ್ಟು ಬಲಿತಿವೆಯೆಂದು ಜಗಲಿಯ ಮೇಲೆ ಕೂತು ಅಳೆಯುತ್ತಿದ್ದರು. ಒಂದು ದಿನ ಅವರ ಕಣ್ಣೆದುರಿಗೇ ಹದ್ದು ಎರಗಿತು. ಕೆಂಪಿ ರೆಕ್ಕೆ ಕೆದರಿ ಹಾರಿತು. ಅದಕ್ಕಿಂತ ಎತ್ತರಕ್ಕೆ ಹಾರಿದವರು ದೊಡ್ಡಪ್ಪ. ಬೀಸಿದ ಟವಲು ಬೇಲಿಯ ಆಚೆ ಬಿತ್ತು, ಹದ್ದು ಬರಿಗಾಲಲ್ಲಿ ಹೋಯಿತು. ಮಾರನೆಯ ದಿನದಿಂದ ಅವರು ಬಿದಿರಿನ ಗಳ ಹಿಡಿದು ಕಾವಲಿಗೇ ಬರತೊಡಗಿದರು. ಒಳಗೆ ನಾನು ಗಟ್ಟಿಯಾಗಿ ಓದುತ್ತಿದ್ದೆ. ನಿಲ್ಲಿಸಿದರೆ ಹೊರಗಿನಿಂದ ಕೆಮ್ಮು ಕೇಳಿಸುತ್ತಿತ್ತು. ನಾನು ಮತ್ತೆ ಆರಂಭಿಸುತ್ತಿದ್ದೆ.

ಕೆಂಪಿ ಮರಿಗಳನ್ನು ಕುಕ್ಕಿ ದೂರ ಅಟ್ಟತೊಡಗಿತು. ಅದಿನ್ನು ಮರಿಯುಳ್ಳ ಕೋಳಿಯಲ್ಲ, ಪರೀಕ್ಷೆ ಇನ್ನೂ ದೂರವಿದೆ. ದೊಡ್ಡಪ್ಪನೂ ನೋಡಿದರು. ಬಹಳ ಹೊತ್ತು ಗಳದಿಂದ ನೆಲ ಗೀಚುತ್ತ ಕೂತಿದ್ದು, ಆಮೇಲೆ ನನ್ನನ್ನು ಕರೆದರು.

"ನಿಮ್ಮವ್ವಂಗೆ ಹೇಳವ್ವ, ಇದನ್ನ ಇನ್ನೊಂದ್ ಸಲಿ ಕಾವಿಗೆ ಕೂರಿಸ್ಲಿ. ಒಳ್ಳೇ ತಾಯಿ. ಆನೇಕಲ್ನೋರಿಗೆ ನಾನೇ ಹೇಳಿಕಳಿಸ್ತೀನಿ."

ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು.

ಆನೇಕಲ್ಲಿನವರು ಬೇರೆ ಕಡೆ ಹೆಣ್ಣು ತಂದರು. ನಾನು ಪರೀಕ್ಷೆ ಬರೆದೆ, ಪಾಸಾದೆ. ನಮ್ಮ ವಂಶದಲ್ಲಿ ಮೊದಲನೆಯವಳು ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ. ಪದವಿ ಪತ್ರ ಕೈಗೆ ಬಂದ ದಿನ ನೇರವಾಗಿ ಜಗಲಿಗೆ ಹೋಗಿ ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಟವಲಿನಲ್ಲಿ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ನನ್ನ ಹೆಸರು ಎಲ್ಲಿದೆಯೆಂದು ಕೇಳಿ ಅದರ ಮೇಲೆ ಬೆರಳಿಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ, ನನ್ನನ್ನು ನಡುವೆ ನಿಲ್ಲಿಸದೆ, ಮೊದಲ ಸಲ ಅವ್ವನೊಂದಿಗೇ ಮಾತಾಡಿದರು.

"ಲಕ್ಷ್ಮಮ್ಮ, ಸಾರಿಗೆ ಖಾರ ಅರಿಯವ್ವ. ಕೋಳಿ ನಾನೇ ಹಿಡ್ಕೊಂಡ್ ಬತ್ತೀನಿ. ನೆಂಟ್ರಿಗಲ್ಲ, ನಮ್ಮ ಮಗಳಿಗೆ."