ಕನ್ನದ ಪಂಡಿತ ಹರಿಪ್ರಸಾದ

ತೀರ್ಥಹಳ್ಳಿ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹರಿಪ್ರಸಾದ ನಲವತ್ತಾರು ವರ್ಷದಲ್ಲಿ ಯಾರದ್ದೂ ಒಂದು ಪೆನ್ನು ಕದ್ದವನಲ್ಲ. ಆದರೂ ಕನ್ನ ಹಾಕುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಮೂರು ತಾಲ್ಲೂಕಿನಲ್ಲಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ದರೋಡೆಯ ಸಿನಿಮಾ, ದರೋಡೆಯ ವಿಡಿಯೊ ಗೇಮ್ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ. ಸಾಗರ, ಹೊಸನಗರದವರೂ ಇರುವ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ಶನಿವಾರ ಅವನ ಅಪ್ಪಣೆ ಹೊರಡುತ್ತಿತ್ತು. ಹೊಸಬರು ಬ್ಯಾಂಕಿಗೆ ಸುರಂಗ ಕೊರೆಯುವ ಸಿನಿಮಾದಿಂದ ಶುರುಮಾಡಿ. ವಜ್ರದ ಕಳವು ನುರಿತವರಿಗೆ ಮಾತ್ರ. ನಾಲ್ವರು ಸೇರಿ ಲೂಟಿ ಮಾಡುವ ಗೇಮನ್ನು ಭಾವ-ಮೈದುನರು ಒಟ್ಟಿಗೆ ಆಡಬೇಡಿ, ಪಾಲು ಹಂಚುವಾಗ ಮನೆ ಒಡೆಯುತ್ತದೆ. ತೆರೆಯ ಮೇಲೆ ಸಿಕ್ಕಿಬಿದ್ದ ಕಳ್ಳರನ್ನು ದಡ್ಡರೆಂದು ಬೈಯದಿದ್ದರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

ಕೇಳಿ ಕೇಳಿ ಸಾಕಾಗಿದ್ದ ಪಕ್ಕದ ಕ್ಯಾಂಟೀನಿನ ಶಿವು ದೀಪಾವಳಿಗೆ ಸವಾಲು ಹಾಕಿದ. ಬೂರೆ ಕಳವಿನ ರಾತ್ರಿ ಕಂಡವರ ಮನೆಯ ತರಕಾರಿ ಹಾರಿಸಿದರೆ ನಮ್ಮ ಕಡೆ ತಪ್ಪಲ್ಲ, ಅದು ಹಬ್ಬದ ಪದ್ಧತಿ.

"ನಾಗರತ್ನಮ್ಮ ಟೀಚರ್ ಮನೆ ಜಗಲಿಲಿ ಕುಂಬಳಕಾಯಿ ಇದೆಯಲ್ಲ, ಅದನ್ನ ತನ್ನಿ ನೋಡಾಣ. ಸಿಕ್ಕಿಬಿದ್ರೆ ಮತ್ತೆ ಗ್ರೂಪಲ್ಲಿ ಬುದ್ಧಿ ಹೇಳ್ಬಾರ್ದು."

ಹರಿಪ್ರಸಾದನಿಗೆ ಒಪ್ಪದೆ ವಿಧಿಯಿರಲಿಲ್ಲ. ಜನ ಅವನ ಮಾತಿಗೆ ಕಿವಿಗೊಡುತ್ತಿದ್ದದ್ದು ಅದೊಂದೇ ವಿಷಯಕ್ಕೆ. ಆರು ಹಾಳೆ ನಕಾಶೆ ಬರೆದ. ಕರಿ ಅಂಗಿ ಕೊಂಡ. ಟೀಚರ ನಾಯಿಗೆ ವಾರವಿಡೀ ಬಿಸ್ಕತ್ತು ಹಾಕಿ ಸ್ನೇಹ ಸಂಪಾದಿಸಿದ. ಆ ರಾತ್ರಿ ಕೆಲಸವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮುಗಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ತಾನಾಗಬಾರದೆಂದು ಹೆಗಲನ್ನು ಮೊದಲೇ ಒರೆಸಿಕೊಂಡ. ಬೆಳಗ್ಗೆ ಕಾಯಿಯ ಫೋಟೊ ಗ್ರೂಪಿಗೆ ಹೋಯಿತು, ಜೊತೆಗೆ ಸಿಕ್ಕಿಬೀಳದಿರಲು ಹತ್ತು ಸೂತ್ರಗಳು.

ಹತ್ತು ಗಂಟೆಗೆ ನಾಗರತ್ನಮ್ಮ ಅಂಗಡಿಗೆ ಬಂದರು. ಶಿವುವೂ ಅಲ್ಲೇ ಇದ್ದ. ಅವರು ಚೀಲದಿಂದ ಒಂದು ಜೊತೆ ಚಪ್ಪಲಿ ತೆಗೆದು ನೆಲದ ಮೇಲಿಟ್ಟರು.

"ಹರಿ, ನೀಲಿ ದಾರದಲ್ಲಿ ಬಾರು ಹೊಲಿಸ್ಕೊಂಡೋನು ನೀನೊಬ್ಬನೇ ಅಲ್ವನಾ? ನಮ್ಮನೆ ಮೆಟ್ಟಿಲ ಹತ್ರ ಜೋಡಿಸಿ ಇಟ್ಟು ಹೋಗಿದ್ದೀಯ. ಕದಿಯಕ್ಕೆ ಬಂದೋನು ಚಪ್ಪಲಿ ಬಿಟ್ಟು ಜಗಲಿ ಹತ್ತೋದಾ ಮಾರಾಯ?"

ಇನ್ನೊಬ್ಬರ ಜಗಲಿ ಹತ್ತುವಾಗ ಚಪ್ಪಲಿ ಕಳಚುವುದು ಇಲ್ಲಿಯವರ ಕಾಲಿಗೇ ಗೊತ್ತಿರುವ ಕೆಲಸ, ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಓಡುವ ಭರದಲ್ಲಿ ಬರಿಗಾಲು ಅವನ ಗಮನಕ್ಕೇ ಬಂದಿರಲಿಲ್ಲ, ಬೆಳಗ್ಗೆಯೂ ಗೆಲುವಿನ ಗುಂಗಿನಲ್ಲಿ ಬಾಗಿಲಲ್ಲಿದ್ದ ಬೇರೆ ಜೋಡು ಮೆಟ್ಟಿ ಬಂದಿದ್ದ. ಅವಮಾನದಿಂದ ಕಣ್ಣು ತುಂಬಿದ ಹರಿಪ್ರಸಾದ ಗ್ರೂಪು ಬಿಡಲು ಫೋನ್ ಕೈಗೆತ್ತಿಕೊಂಡ. ಶಿವು ನಗಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಗ್ರೂಪು ಬಿಡ್ಬೇಡಿ ಅಣ್ಣ," ಎಂದ ಶಿವು. "ಇನ್ಮೇಲೆ ಮನೆಮಂದಿಯೆಲ್ಲ ಕೂತು ನೋಡೋ ಸಿನಿಮಾ ಇದ್ರೆ ಹೇಳಿ."